ಅಕ್ಷರ ವಿಚಾರ: ಧನಲಕ್ಷ್ಮಿಯ ಸೀಳು ಎಲ್ಲಿ ಹೋಯಿತು?

ನಾಮಫಲಕ, ಭಿತ್ತಿಪತ್ರ, ಶೀರ್ಷಿಕೆಗಳಿಗೆಂದೇ ಕೈಯಲ್ಲಿ ಬರೆದು ರೂಪಿಸಿದ ಅಲಂಕಾರಿಕ ಕನ್ನಡ ಫಾಂಟ್‌ಗಳ ಬಗ್ಗೆ ಕಳೆದ ತಿಂಗಳು ಓದುಗರಿಂದ ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ಬಂದ ಪತ್ರಗಳಲ್ಲಿ ಆರನ್ನು ಆಯ್ದು ಇಲ್ಲಿ ಉತ್ತರಿಸಿದೆ.

ದಾವಣಗೆರೆಯಿಂದ ಕಿರಾಣಿ ಅಂಗಡಿಯ ಮಾಲೀಕರೊಬ್ಬರು: ಮಾನ್ಯರೇ, ನಮ್ಮ ಅಂಗಡಿಯ ಹೆಸರು ‘ಶ್ರೀ ಧನಲಕ್ಷ್ಮಿ ಸ್ಟೋರ್ಸ್’. ಹಳೆಯ ಬೋರ್ಡನ್ನು ಪೇಂಟರ್ ಒಬ್ಬರು ಎನಾಮಲ್ ಬಣ್ಣದಲ್ಲಿ ಬರೆದಿದ್ದರು. ಈ ವರ್ಷ ಮಗನ ಒತ್ತಾಯಕ್ಕೆ ಮಣಿದು, ಬ್ರಷ್‌ನಲ್ಲಿ ಗೀಚಿದಂತೆ ಕಾಣುವ ಫಾಂಟ್‌ನಲ್ಲಿ ಫ್ಲೆಕ್ಸ್ ಮಾಡಿಸಿದೆವು. ಈಗ ಗಿರಾಕಿಗಳು ‘ದನಲಕ್ಷ್ಮಿ’ ಎಂದು ಓದಿ ನಗುತ್ತಾರೆ. ತಪ್ಪು ಫಾಂಟಿನದೋ, ಫ್ಲೆಕ್ಸ್ ಮಾಡಿದವರದೋ? ಫೋಟೊ ಇಟ್ಟಿದ್ದೇನೆ.

ಉತ್ತರ: ಫ್ಲೆಕ್ಸ್ ಮಾಡಿದವರು ಹೆಸರನ್ನು ಸರಿಯಾಗಿಯೇ ಟೈಪ್ ಮಾಡಿದ್ದಾರೆ. ಫೋಟೊವನ್ನು ದೊಡ್ಡದು ಮಾಡಿ ನೋಡಿದರೆ ‘ಧ’ದ ಅಡಿಯ ಸೀಳು ಅಲ್ಲಿದೆ, ಆದರೆ ಬ್ರಷ್‌ನ ಒರಟು ಅಂಚನ್ನು ತೋರಿಸುವ ಉತ್ಸಾಹದಲ್ಲಿ ಫಾಂಟ್ ರೂಪಿಸಿದವರು ಅದನ್ನು ಬಣ್ಣದ ಒಂದು ಸಿಡಿತದಷ್ಟು ಚಿಕ್ಕದಾಗಿ ಬಿಟ್ಟಿದ್ದಾರೆ. ಅಕ್ಷರದ ಸುತ್ತ ಬೇರೆ ಸಿಡಿತಗಳೂ ಇರುವುದರಿಂದ, ರಸ್ತೆಯ ಆಚೆ ನಿಂತವರಿಗೆ ಸೀಳೂ ಅವುಗಳ ಜೊತೆಯಲ್ಲೇ ಸೇರಿಹೋಗುತ್ತದೆ. ತಪ್ಪು ಫಾಂಟಿನದು. ಬೋರ್ಡನ್ನು ಏರಿಸುವ ಮೊದಲು ದೂರದಿಂದ ಒಮ್ಮೆ ನೋಡದಿದ್ದುದು ಮಾತ್ರ ನಿಮ್ಮ ಲೆಕ್ಕಕ್ಕೆ.

ಈ ತೊಡಕು ನಿಮ್ಮ ಬೋರ್ಡೊಂದರದ್ದಲ್ಲ, ಲಿಪಿಯ ಸ್ವಭಾವದ್ದು. ಕನ್ನಡ ಅಕ್ಷರಗಳ ಮೈ ದುಂಡಾಗಿದೆ, ಆದರೆ ಗುರುತು ಬಹಳ ಸಲ ಆ ದುಂಡಿನಲ್ಲಿರದೆ ಅದಕ್ಕೆ ಅಂಟಿಕೊಂಡ ಯಾವುದೋ ಪುಟ್ಟ ಚಿಹ್ನೆಯಲ್ಲಿರುತ್ತದೆ. ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ ಜೋಡಿಗಳನ್ನು ಬೇರ್ಪಡಿಸುವುದು ಅಡಿಯ ಸೀಳು. ‘ರ’ದ ಹೊಟ್ಟೆಯೊಳಗೆ ಚುಕ್ಕೆ ಇಟ್ಟರೆ ‘ಠ’, ‘ಧ’ದ ಹೊಟ್ಟೆಯೊಳಗೆ ಇಟ್ಟರೆ ‘ಥ’. ‘ಪ’ದೊಳಗೆ ಒಂದು ಗೆರೆ ಸೇರಿದರೆ ‘ಷ’. ‘ವ’ದ ಬಲತುದಿಯನ್ನು ಮೇಲಕ್ಕೆ ಬಾಗಿಸಿದರೆ ಅದು ‘ಮ’ ಆಗಿಬಿಡುತ್ತದೆ. ಆದ್ದರಿಂದಲೇ ‘ವು’ ಬರೆಯುವಾಗ ಕೊಂಬನ್ನು ‘ಕು’ವಿನಲ್ಲಿ ಹಾಕುವಂತೆ ಪಕ್ಕದಿಂದ ಮೇಲಕ್ಕೆ ಎತ್ತದೆ ಕೆಳಕ್ಕೆ ಇಳಿಸುತ್ತೇವೆ, ‘ಪು’ ಮತ್ತು ‘ಫು’ಗಳಿಗೂ ಅದೇ ಏರ್ಪಾಡು. ಕಾಗುಣಿತ ತಿದ್ದಿಸಿದ ಮೇಷ್ಟ್ರು ನಮಗೆ ಈ ಕಾರಣ ಹೇಳಿರಲಿಲ್ಲ, ಕೈಗೆ ಮಾತ್ರ ಅಭ್ಯಾಸ ಮಾಡಿಸಿದ್ದರು. ಹಾಗಾಗಿ ಚಿತ್ತಾರ ಬಿಡಿಸುವವರು ದುಂಡು ಮೈಯನ್ನು ಹಿಗ್ಗಿಸಲಿ, ಕುಗ್ಗಿಸಲಿ, ಓರೆಯಾಗಿಸಲಿ, ಅದರೊಳಗೆ ಬಳ್ಳಿಯನ್ನೇ ಹಬ್ಬಿಸಲಿ; ಸೀಳು, ಚುಕ್ಕೆ, ಕೊಂಬು, ತಲೆಕಟ್ಟುಗಳನ್ನು ಮಾತ್ರ ಮುಟ್ಟಬಾರದು, ಮುಟ್ಟುವುದಾದರೆ ದೊಡ್ಡದು ಮಾಡಲು ಮಾತ್ರ ಮುಟ್ಟಬೇಕು ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಹಳೆಯ ಬೋರ್ಡಿನ ಫೋಟೊವನ್ನೂ ಕಳಿಸಿದ್ದೀರಿ, ಅದಕ್ಕಾಗಿ ವಿಶೇಷ ಧನ್ಯವಾದ. ಅದರಲ್ಲಿ ‘ಕ್ಷ್ಮಿ’ಯನ್ನು ಬರೆದ ರೀತಿಯನ್ನು ಗಮನಿಸಿ. ಕನ್ನಡದಲ್ಲಿ ಅತ್ಯಂತ ಇಕ್ಕಟ್ಟಿನ ಅಕ್ಷರಗಳಲ್ಲಿ ಅದೂ ಒಂದು: ‘ಕ’ದ ನೆತ್ತಿಯ ಮೇಲೆ ಗುಡಿಸು, ಅಡಿಯಲ್ಲಿ ‘ಷ’ದ ಒತ್ತು, ಅದರ ಬಲಕ್ಕೆ ‘ಮ’ದ ಒತ್ತು. ಪೇಂಟರ್ ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ ಮೀಟಿ ಮೇಲೊಂದು ಕೆಳಗೊಂದು ಗೆರೆ ಮೂಡಿಸಿಕೊಂಡಿರುತ್ತಾರೆ, ಒತ್ತಿಗೆಂದು ಕೆಳಗೆ ಮೂರನೆಯ ಗೆರೆಯನ್ನೂ ಹಾಕಿಕೊಂಡಿರುತ್ತಾರೆ. ಜಾಗ ಸಾಲದೆಂದು ಕಂಡಾಗ ನಿಮ್ಮ ಪೇಂಟರ್ ‘ಷ’ದ ಒತ್ತನ್ನು ‘ಕ’ದ ಹೊಟ್ಟೆಗೆ ತಾಗುವಷ್ಟು ಮೇಲಕ್ಕೆ ಸರಿಸಿ, ‘ಮ’ದ ಒತ್ತಿನ ಬಾಲವನ್ನು ‘ಸ್ಟೋ’ದ ಕೆಳಗೆ ಉದ್ದಕ್ಕೆ ಚಾಚಿದ್ದಾರೆ. ಆ ಬಾಲವೇ ಬೋರ್ಡಿನ ಅಲಂಕಾರ. ಶ್ಯಾಡೋ, ಔಟ್‌ಲೈನ್‌ಗಳೆಲ್ಲ ಆಮೇಲೆ ಬಂದವು. ‘ಧ’ದ ಸೀಳನ್ನು ಮಾತ್ರ ಅವರು ಬ್ರಷ್‌ನ ಪೂರ್ತಿ ಅಗಲದಲ್ಲಿ, ಒಂದೇ ಏಟಿನಲ್ಲಿ ಎಳೆದಿದ್ದಾರೆ.

ಪರಿಹಾರ ಸುಲಭ. ಆ ಒಂದು ಅಕ್ಷರವನ್ನು ಔಟ್‌ಲೈನ್ ಆಗಿ, ಅಂದರೆ ತಿದ್ದಬಹುದಾದ ಚಿತ್ರದ ಗೆರೆಗಳಾಗಿ, ಬದಲಾಯಿಸಿ ಸೀಳನ್ನು ಗೆರೆಯ ದಪ್ಪದಷ್ಟೇ ದಪ್ಪ ಮಾಡಿ, ಸುತ್ತಲಿನ ಸಿಡಿತಗಳನ್ನು ಅಳಿಸಿಕೊಡಲು ಫ್ಲೆಕ್ಸ್‌ನವರಿಗೆ ಹೇಳಿ. ಹೊಸದನ್ನು ಮುದ್ರಿಸುವ ಮೊದಲು ಹಾಳೆಯೊಂದರ ಮೇಲೆ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ಅಂಗಡಿಯ ಹೆಸರು ಗೊತ್ತಿಲ್ಲದ ಯಾರನ್ನಾದರೂ ದೂರದಲ್ಲಿ ನಿಲ್ಲಿಸಿ ಓದಿಸಿ. ನಾಮಫಲಕದ ಶೇಕಡಾ 60 ಭಾಗ ಕನ್ನಡಕ್ಕಿರಬೇಕೆಂದು 2024ರ ತಿದ್ದುಪಡಿ ಕಾನೂನು ಹೇಳುತ್ತದೆ. ಆ ಕನ್ನಡ ಓದಲು ಬರುವಂತಿರಬೇಕು ಎಂಬುದನ್ನು ನಾವೇ ಸೇರಿಸಿಕೊಳ್ಳಬೇಕು.

ಕೊಪ್ಪಳದಿಂದ ಶಿಕ್ಷಕಿಯೊಬ್ಬರು: ನಮ್ಮ ಶಾಲೆಯ ವಾರ್ಷಿಕ ಸಂಚಿಕೆಯನ್ನು ಮಕ್ಕಳಿಗೆ ಇಷ್ಟವಾಗುವ ಕೈಬರಹದ ಫಾಂಟ್‌ನಲ್ಲಿಯೇ ಪೂರ್ತಿಯಾಗಿ ಅಚ್ಚು ಮಾಡಿಸಬಹುದೇ?

ಉತ್ತರ: ಬೇಡ. ಮುಖಪುಟ, ಲೇಖನಗಳ ತಲೆಬರಹ, ತರಗತಿಗಳ ಹೆಸರು, ಇಷ್ಟಕ್ಕೆ ಧಾರಾಳವಾಗಿ ಬಳಸಿ. ಲೇಖನದ ಒಡಲಿಗೆ ಬೇಡ. ಇಂಥ ಫಾಂಟ್‌ಗಳನ್ನು ದೊಡ್ಡ ಅಳತೆಯಲ್ಲಿ ನೋಡಲೆಂದು ಬರೆದಿರುತ್ತಾರೆ, 12 ಪಾಯಿಂಟಿಗೆ ಇಳಿಸಿದ ಕೂಡಲೇ ಒತ್ತಕ್ಷರಗಳೊಳಗಿನ ಬಿಳಿಯ ಜಾಗ ಮುಚ್ಚಿಹೋಗುತ್ತದೆ. ಮೇಲಾಗಿ ಪ್ರತಿ ಅಕ್ಷರವೂ ತನ್ನತ್ತ ನೋಡೆಂದು ಕರೆಯುತ್ತಿದ್ದರೆ ಓದುವ ಕಣ್ಣು ಸಾಲಿನಲ್ಲಿ ಮುಂದೆ ಸಾಗುವುದಿಲ್ಲ.

ಈ ಪಾಠವನ್ನು ನಾನು ಮನೆಯಲ್ಲಿಯೇ ಕಲಿತೆ. ತಂಗಿಯ ಮದುವೆಯ ಲಗ್ನಪತ್ರಿಕೆಯನ್ನು ನಾನೇ ವಿನ್ಯಾಸ ಮಾಡುತ್ತೇನೆಂದು ಹಟ ಹಿಡಿದು, ಹೆಸರುಗಳಿಗೆ ಬಳಸಿದ ಬಳುಕುವ ಫಾಂಟನ್ನೇ ಮುಹೂರ್ತದ ಸಾಲಿಗೂ ಹಾಕಿದ್ದೆ. ಕನ್ನಡ ಅಂಕಿಗಳಲ್ಲಿ ೬ ಮತ್ತು ೯ ಮೊದಲೇ ಒಂದನ್ನೊಂದು ಹೋಲುತ್ತವೆ, ಬಾಲ ಯಾವ ಕಡೆಗೆ ಹೊರಳಿದೆ ಎಂಬುದರಲ್ಲಷ್ಟೇ ವ್ಯತ್ಯಾಸ. ನನ್ನ ಫಾಂಟಿನಲ್ಲಿ ಎರಡರ ಬಾಲವೂ ಬಳ್ಳಿಯಂತೆ ಸುತ್ತಿಕೊಂಡಿತ್ತು. ಬೆಳಿಗ್ಗೆ ಒಂಬತ್ತರ ಧಾರೆಗೆ ಸೋದರಮಾವನ ಮನೆಯವರು ಆರಕ್ಕೇ ಬಂದು, ಬಾಗಿಲು ತೆರೆಯದ ಛತ್ರದ ಮುಂದೆ ಕಾದು ನಿಂತರು. ಮಾವ ಇಂದಿಗೂ ನನ್ನನ್ನು ಗಂಟೆ ಕೇಳುತ್ತಿರುತ್ತಾರೆ. ಅಂಕಿ, ದಿನಾಂಕ, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಯಾವ ಕಾರಣಕ್ಕೂ ಅಲಂಕಾರಿಕ ಫಾಂಟಿಗೆ ಒಪ್ಪಿಸಬೇಡಿ.

ಗದಗದಿಂದ ಡಿಟಿಪಿ ಮಾಡುವವರೊಬ್ಬರು: ಸರ್, ‘ಅಕಾಯ’ ಎಂಬ ಹೊಸ ಬಗೆಯ ಫಾಂಟನ್ನು ಇಳಿಸಿಕೊಂಡೆ. ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಮ್ಯಾಟರಿಗೆ ಅದನ್ನು ಹಾಕಿದರೆ ಬರೀ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಹಾಕಿದರೆ ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಒತ್ತುಗಳೆಲ್ಲ ಬಿಡಿಬಿಡಿಯಾಗಿ ಪಕ್ಕಕ್ಕೆ ಬೀಳುತ್ತವೆ. ಫಾಂಟ್ ಕೆಟ್ಟಿದೆಯೇ?

ಉತ್ತರ: ಫಾಂಟ್ ಚೆನ್ನಾಗಿಯೇ ಇದೆ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಜೊತೆಗೂಡಿ ರೂಪಿಸಿದ ‘ಅಕಾಯ’ ಕನ್ನಡ, ತೆಲುಗು ಮತ್ತು ಲ್ಯಾಟಿನ್ ಲಿಪಿಗಳಿಗಾಗಿ ಮಾಡಿದ ಪ್ರಯೋಗ. ಕನ್ನಡಕ್ಕೊಂದು ತೆಲುಗಿಗೊಂದು ಬೇರೆ ಬೇರೆ ಕಡತಗಳಿದ್ದರೂ ಎರಡರಲ್ಲಿಯೂ ಇಂಗ್ಲಿಷ್ ಅಕ್ಷರಗಳು ಒಂದೇ. ಕಾಯವಿಲ್ಲದ್ದು ಎಂಬ ಅರ್ಥದ ಹೆಸರಿಟ್ಟುಕೊಂಡ ಈ ಫಾಂಟಿಗೆ ಇರುವುದು ಒಂದೇ ತೂಕ, ಬೋಲ್ಡ್ ಹುಡುಕಬೇಡಿ. ಸಾಫ್ಟ್‌ವೇರ್ ತಾನಾಗಿ ದಪ್ಪ ಮಾಡಿಕೊಡುವ ನಕಲಿ ಬೋಲ್ಡ್ ಒತ್ತುಗಳನ್ನು ಜಜ್ಜಿಬಿಡುತ್ತದೆ.

ನಿಮ್ಮ ಮೊದಲ ತೊಂದರೆಗೆ ಕಾರಣ ಹಳೆಯ ಕಡತ. ಆ ಕಾಲದ ಫಾಂಟ್‌ಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿರುತ್ತಿದ್ದರು. ನಿಮ್ಮ ಕಣ್ಣಿಗೆ ಅದು ಕನ್ನಡ, ಗಣಕದ ಲೆಕ್ಕದಲ್ಲಿ ಇಂಗ್ಲಿಷ್. ಮ್ಯಾಟರನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತವಿರುವ ವ್ಯವಸ್ಥೆಗೆ, ತಂದುಕೊಂಡ ಮೇಲೆಯೇ ಹೊಸ ಫಾಂಟ್‌ಗಳು ಕೆಲಸ ಮಾಡುತ್ತವೆ.

ಎರಡನೆಯದು ಇನ್‌ಡಿಸೈನ್‌ನ ಸೆಟ್ಟಿಂಗ್. ಯೂನಿಕೋಡ್‌ನಲ್ಲಿ ‘ಲಕ್ಷ್ಮಿ’ ಎಂಬ ಪದ ಲ, ಕ, ವಿರಾಮ (‘ಕ’ವನ್ನು ‘ಕ್’ ಮಾಡುವ ಅರ್ಧಾಕ್ಷರದ ಚಿಹ್ನೆ), ಷ, ಇನ್ನೊಂದು ವಿರಾಮ, ಮ, ಕೊನೆಗೆ ಗುಡಿಸು ಹೀಗೆ ಏಳು ಸಂಕೇತಗಳಾಗಿ ಸಾಲಾಗಿ ನಿಂತಿರುತ್ತದೆ. ಯಾವುದು ಒತ್ತಾಗಿ ಕೆಳಗಿಳಿಯಬೇಕು, ಕೊನೆಯಲ್ಲಿ ಟೈಪ್ ಮಾಡಿದ ಗುಡಿಸು ಹೇಗೆ ಹಿಂದಕ್ಕೆ ಹೋಗಿ ‘ಕ’ದ ತಲೆಯನ್ನೇರಬೇಕು ಎಂಬ ಸೂಚನೆಗಳು ಫಾಂಟಿನೊಳಗೆ ಓಪನ್‌ಟೈಪ್ ನಿಯಮಗಳಾಗಿ ಇರುತ್ತವೆ, ಅವನ್ನು ಓದಿ ಜಾರಿಗೆ ತರುವುದು ಸಾಫ್ಟ್‌ವೇರ್‌ನ ಕೆಲಸ. ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ‘ಅಡೋಬಿ ವರ್ಲ್ಡ್ ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಿಕೊಂಡರೆ ಒತ್ತುಗಳು ತಮ್ಮ ಜಾಗಕ್ಕೆ ಬರುತ್ತವೆ. ಫೋಟೊಶಾಪ್‌ನಲ್ಲಿಯೂ ಟೈಪ್ ಆಯ್ಕೆಗಳಲ್ಲಿ ಇಂಥದೇ ಒಂದು ಬದಲಾವಣೆ ಮಾಡಬೇಕು. ಕೆಲಸ ಮುಗಿದ ಮೇಲೆ ಮುದ್ರಣಕ್ಕೆ ಕಳಿಸುವ ಪ್ರತಿಯಲ್ಲಿ ಅಕ್ಷರಗಳನ್ನು ಔಟ್‌ಲೈನ್ ಮಾಡಿ ಕೊಡಿ, ಪ್ರೆಸ್‌ನಲ್ಲಿ ಮತ್ತೆ ಒಡೆಯುವುದಿಲ್ಲ.

ಮಂಗಳೂರಿನಿಂದ ನಿವೃತ್ತ ಮುದ್ರಣ ಕೆಲಸಗಾರರೊಬ್ಬರು: ನಾನು ಮೊಳೆ, ಅಂದರೆ ಸೀಸದ ಅಚ್ಚಕ್ಷರ, ಜೋಡಿಸಿ ಬದುಕಿದವನು. ಕೈಯಲ್ಲಿ ಬರೆದದ್ದನ್ನು ಅಚ್ಚು ಹಾಕುವುದು ಏನೋ ಹೊಸ ಫ್ಯಾಷನ್ ಎಂಬಂತೆ ಬರೆಯುತ್ತೀರಿ. ಮೊದಲು ಇದ್ದದ್ದೇ ಅದಲ್ಲವೇ?

ಉತ್ತರ: ನಿಜ, ಒಪ್ಪಿಕೊಂಡೆ. ನಿಮ್ಮ ಊರಿನಲ್ಲಿಯೇ 1841ರಲ್ಲಿ ಬಾಸೆಲ್ ಮಿಷನ್‌ನವರು ಕಲ್ಲಚ್ಚಿನ ಮುದ್ರಣಾಲಯ ಆರಂಭಿಸಿದರು, 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಅಚ್ಚಾದದ್ದು ಕಲ್ಲಚ್ಚಿನಲ್ಲಿಯೇ. ಕಲ್ಲಚ್ಚಿಗೆ ಮೊಳೆ ಬೇಡ, ಬರೆಯುವ ಕೈ ಬೇಕು. ಜಿಡ್ಡಿನ ಶಾಯಿಯಲ್ಲಿ ಬರೆದ ಗೆರೆ ಮುದ್ರಣದ ಶಾಯಿಯನ್ನು ಹಿಡಿಯುತ್ತದೆ, ಒದ್ದೆಯಾದ ಬರಿಗಲ್ಲು ಅದನ್ನು ಬಿಟ್ಟುಬಿಡುತ್ತದೆ. ಕಲ್ಲಿನ ಮೇಲೆಯೇ ಬರೆಯುವುದಾದರೆ ಕನ್ನಡಿಯಲ್ಲಿ ಕಾಣುವಂತೆ ತಿರುವುಮುರುವಾಗಿ ಬರೆಯಬೇಕು; ಇಲ್ಲವೇ ಕಾಗದದ ಮೇಲೆ ನೇರವಾಗಿ ಬರೆದು ಕಲ್ಲಿಗೆ ಇಳಿಸಬೇಕು. ಕನ್ನಡದ ಪತ್ರಿಕೋದ್ಯಮ ಶುರುವಾದದ್ದೇ ಹೀಗೆ ಯಾರದೋ ಕೈಬರಹದಿಂದ.

ಸೀಸದ ಮೊಳೆ ಬಂದ ಮೇಲೂ ಶೀರ್ಷಿಕೆಗಳು ಕೈಯಿಂದ ತಪ್ಪಿಸಿಕೊಳ್ಳಲಿಲ್ಲ. ಪ್ರೆಸ್‌ನಲ್ಲಿ ದೊಡ್ಡ ಅಳತೆಯ ಕನ್ನಡ ಮೊಳೆಗಳ ಬಗೆಗಳು ಎಷ್ಟು ಕಡಿಮೆ ಇರುತ್ತಿದ್ದವೆಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಕತೆಯ ಹೆಸರನ್ನೋ ಧಾರಾವಾಹಿಯ ಹೆಸರನ್ನೋ ಕಲಾವಿದರು ಇಂಡಿಯನ್ ಇಂಕ್‌ನಲ್ಲಿ ಬರೆದುಕೊಡುತ್ತಿದ್ದರು, ಅದನ್ನು ಬ್ಲಾಕ್ ಮಾಡಿಸಿ ಮೊಳೆಗಳ ನಡುವೆ ಕೂರಿಸುತ್ತಿದ್ದರು. ಅಂದಿನ ಬರಹ ಆ ಒಂದು ಹೆಸರಿಗೆಂದೇ ಹುಟ್ಟಿದ್ದು, ‘ಕ್ಷ್ಮಿ’ ಬಂದರೆ ಅದಕ್ಕೆ ತಕ್ಕಂತೆ ಕಲಾವಿದರು ಅಲ್ಲಿಯೇ ಜಾಗ ಮಾಡಿಕೊಳ್ಳುತ್ತಿದ್ದರು. ಇಂದಿನ ಫಾಂಟ್ ರೂಪಿಸುವವರು ಯಾರು ಏನನ್ನು ಟೈಪ್ ಮಾಡಬಹುದೆಂದು ತಿಳಿಯದೆಯೇ ಎಲ್ಲಕ್ಕೂ ಮುಂಚಿತವಾಗಿ ಜಾಗ ಮಾಡಿಡಬೇಕು. ಹೊಸದೇನಾದರೂ ಇದ್ದರೆ ಅದಿಷ್ಟೇ.

ಹೊರದೇಶದ ಕನ್ನಡ ಕೂಟವೊಂದರ ಕಾರ್ಯಕರ್ತೆ: ರಾಜ್ಯೋತ್ಸವಕ್ಕೆ ‘ಬಾಲೂ ತಮ್ಮ’ ಫಾಂಟ್‌ನಲ್ಲಿ ಟಿ-ಶರ್ಟ್ ಅಚ್ಚು ಹಾಕಿಸಿ ಮಾರಬೇಕೆಂದಿದ್ದೇವೆ. ಅನುಮತಿ ಬೇಕೇ?

ಉತ್ತರ: ಬೇಡ. ಮುಂಬೈಯ ಏಕ್ ಟೈಪ್ ತಂಡದ ಈ ಫಾಂಟ್ ಮುಕ್ತ ಫಾಂಟ್ ಪರವಾನಗಿಯಲ್ಲಿದೆ, ‘ಅಕಾಯ’ವೂ ಹಾಗೆಯೇ. ಅದನ್ನು ಬಳಸಿ ಮಾಡಿದ ವಸ್ತುವನ್ನು ಮಾರಬಹುದು. ಫಾಂಟ್ ಕಡತವೊಂದನ್ನೇ ಸರಕಾಗಿ ಮಾರುವಂತಿಲ್ಲ, ತಿದ್ದಿ ಹಂಚುವುದಾದರೆ ಅದೇ ಪರವಾನಗಿಯಲ್ಲಿಯೇ ಹಂಚಬೇಕು. ‘ಉಚಿತ’ ಎಂದು ಎಲ್ಲೋ ಸಿಕ್ಕ ಪ್ರತಿ ಫಾಂಟಿಗೂ ಈ ಮಾತು ಅನ್ವಯಿಸುವುದಿಲ್ಲ. ಕೆಲವು ಸ್ವಂತ ಬಳಕೆಗೆ ಮಾತ್ರ ಉಚಿತವಾಗಿರುತ್ತವೆ, ಆದ್ದರಿಂದ ಜೊತೆಗೆ ಬರುವ ಪರವಾನಗಿಯ ಕಡತವನ್ನು ತೆರೆದು ಓದಿಕೊಳ್ಳಿ.

ಹೆಸರಿನ ಬಗ್ಗೆ ಒಂದು ಮಾತು. ಈ ಸರಣಿಯಲ್ಲಿ ಭಾರತದ ಬೇರೆ ಬೇರೆ ಲಿಪಿಗಳ ಫಾಂಟ್‌ಗಳಿಗೆ ಆಯಾ ಭಾಷೆಯಲ್ಲಿ ಸೋದರನನ್ನು ಕರೆಯುವ ಪದವನ್ನೇ ಇಟ್ಟಿದ್ದಾರೆ: ಗುಜರಾತಿಗೆ ಭಾಯಿ, ಬಂಗಾಳಿಗೆ ದಾ, ತಮಿಳಿಗೆ ತಂಬಿ, ತೆಲುಗಿಗೆ ತಮ್ಮುಡು, ನಮಗೆ ತಮ್ಮ. ಮಲಯಾಳಕ್ಕೆ ಮಾತ್ರ ಚೇಟ್ಟನ್, ಅಂದರೆ ಅಣ್ಣ. ದಕ್ಷಿಣದಲ್ಲಿ ಅವರೊಬ್ಬರೇ ಹೇಗೆ ಹಿರಿಯರಾದರೋ! ಒಂದೇ ಕೈಯ ಬಳುಕು ಎಲ್ಲ ಲಿಪಿಗಳಲ್ಲಿಯೂ ಇರುವುದರಿಂದ, ಕನ್ನಡದ ಜೊತೆಗೆ ಇಂಗ್ಲಿಷ್ ಸಾಲೊಂದು ಇರಲೇಬೇಕಾದ ನಿಮ್ಮಂಥವರ ಕೆಲಸಕ್ಕೆ ಇದು ಒಳ್ಳೆಯ ಆಯ್ಕೆ.

ಮೈಸೂರಿನಿಂದ ಚಿತ್ರಕಲಾ ವಿದ್ಯಾರ್ಥಿನಿ: ನನ್ನ ಅಜ್ಜಿ ರಂಗೋಲಿ ಪುಸ್ತಕದ ಅಂಚಿನಲ್ಲಿ ಬರೆಯುತ್ತಿದ್ದ ಸುರುಳಿ ಸುರುಳಿಯಾದ ಅಕ್ಷರಗಳನ್ನು ಫಾಂಟ್ ಮಾಡಬೇಕೆಂಬ ಆಸೆ ಇದೆ. 49 ಅಕ್ಷರ ಬರೆದುಕೊಂಡರೆ ಸಾಕೇ?

ಉತ್ತರ: ಸಾಲದು, ಆದರೆ ಹೆದರಬೇಡಿ. ಪ್ರತಿಯೊಂದು ಕಾಗುಣಿತವನ್ನೂ ಬೇರೆಯಾಗಿ ಬರೆಯುವುದಾದರೆ 34 ವ್ಯಂಜನಗಳು 13 ಸ್ವರಗಳೊಡನೆ ಸೇರಿ 442 ರೂಪಗಳಾಗುತ್ತವೆ, ಒಂದೊಂದು ಒತ್ತನ್ನು ಸೇರಿಸುತ್ತ ಹೋದರೆ ಲೆಕ್ಕ ಹದಿನೈದು ಸಾವಿರ ದಾಟುತ್ತದೆ. ಆದ್ದರಿಂದ ಅಕ್ಷರವನ್ನು ಬಿಡಿಭಾಗಗಳಾಗಿ ಮಾಡಿಕೊಳ್ಳುತ್ತಾರೆ: 34 ವ್ಯಂಜನ, ಅವುಗಳ 34 ಒತ್ತು, ಗುಡಿಸು ಹೊತ್ತ 34 ರೂಪ, ತಲೆಕಟ್ಟನ್ನು ಕಳಚಿದ 34 ಬರಿಮೈ. ಅಲ್ಲಿಗೆ 136. ಇವುಗಳಿಗೆ ಸ್ವರಗಳು, ಇಳಿ, ಕೊಂಬು, ಏತ್ವ, ವಟ್ರಸುಳಿ, ಅರ್ಕಾವತ್ತು, ಸೊನ್ನೆ, ಅಂಕಿಗಳು ಸೇರಿದರೆ ಇನ್ನೂರರ ಆಸುಪಾಸು. ಉಳಿದದ್ದನ್ನು ಓಪನ್‌ಟೈಪ್ ನಿಯಮಗಳು ಜೋಡಿಸಿಕೊಳ್ಳುತ್ತವೆ. ಖ, ಜ, ಟ, ಣ, ಬ, ಲ ಮುಂತಾದವುಗಳಿಗೆ ತಲೆಕಟ್ಟೇ ಇಲ್ಲದಿರುವುದರಿಂದ ಅಲ್ಲಿ ಕೆಲಸ ಸ್ವಲ್ಪ ಉಳಿಯುತ್ತದೆ.

ಎಲ್ಲರೂ ‘ಅ’ದಿಂದ ಶುರು ಮಾಡುತ್ತಾರೆ. ನೀವು ಒತ್ತುಗಳಿಂದ ಶುರು ಮಾಡಿ. ಅಜ್ಜಿಯ ಸುರುಳಿ ಎಷ್ಟು ಚಿಕ್ಕದಾಗಿಯೂ ಸುರುಳಿಯಾಗಿ ಉಳಿಯಬಲ್ಲದು ಎಂಬುದನ್ನು ಒತ್ತು ಮೊದಲ ದಿನವೇ ಹೇಳಿಬಿಡುತ್ತದೆ, ಅದಕ್ಕೆ ತಕ್ಕಂತೆ ಮೇಲಿನ ಅಕ್ಷರದ ಗೆರೆಯ ದಪ್ಪವನ್ನು ನಿರ್ಧರಿಸಬಹುದು. ಮೇಲಿನ ಅಕ್ಷರಗಳನ್ನೆಲ್ಲ ಬರೆದು ಮುಗಿಸಿದ ಮೇಲೆ ಒತ್ತಿಗೆ ಬಂದರೆ ಎಲ್ಲವನ್ನೂ ಮತ್ತೆ ಬರೆಯಬೇಕಾಗುತ್ತದೆ. ಅಕ್ಷರಗಳನ್ನು ಎರಡು ಇಂಚು ಎತ್ತರಕ್ಕೆ, ಒಂದೇ ಬ್ರಷ್ ಅಥವಾ ಒಂದೇ ಪೆನ್ನಿನಲ್ಲಿ ಬರೆದು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಇಂಕ್‌ಸ್ಕೇಪ್‌ನಲ್ಲಿ ಗೆರೆಗಳನ್ನಾಗಿ ಪರಿವರ್ತಿಸಿದಾಗ ಅಂಚಿನ ತುಂಬ ನೂರಾರು ಬಿಂದುಗಳು ಹುಟ್ಟಿಕೊಳ್ಳುತ್ತವೆ. ಒಂದು ಸುರುಳಿಗೆ ನಾಲ್ಕೈದು ಬಿಂದು ಉಳಿಸಿ ಮಿಕ್ಕವನ್ನು ತೆಗೆಯುವುದು ಬೇಸರದ ಕೆಲಸ, ಆದರೆ ಮಾಡಲೇಬೇಕು. ಆಮೇಲೆ ಫಾಂಟ್‌ಫೋರ್ಜ್ ಎಂಬ ಉಚಿತ ತಂತ್ರಾಂಶದಲ್ಲಿ ಭಾಗಗಳನ್ನು ಸೇರಿಸಿ ನಿಯಮಗಳನ್ನು ಬರೆಯಿರಿ.

ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ‘ಕನಕ’ ಎಂದು ಟೈಪ್ ಮಾಡಿ ನೋಡಿ. ಕೈಯಲ್ಲಿ ಬರೆದವರ ಎರಡು ‘ಕ’ಗಳು ಎಂದೂ ಪಡಿಯಚ್ಚಾಗಿರುವುದಿಲ್ಲ, ಫಾಂಟಿನಲ್ಲಿ ಮಾತ್ರ ಅದೇ ಸುರುಳಿ, ಅದೇ ನಡುಕ ಎರಡು ಸಲ ಬಂದು ಗುಟ್ಟು ರಟ್ಟಾಗುತ್ತದೆ. ಕ, ನ, ರ, ದ, ಲ, ಇಂಥ ಪದೇ ಪದೇ ಬರುವ ಅಕ್ಷರಗಳಿಗೆ ಎರಡೆರಡು ರೂಪ ಬರೆದಿಟ್ಟುಕೊಂಡು, ಹತ್ತಿರದಲ್ಲಿ ಮತ್ತೆ ಬಂದಾಗ ಎರಡನೆಯ ರೂಪ ತಾನಾಗಿ ಕೂರುವಂತೆ ನಿಯಮ ಬರೆಯಬಹುದು. ಅಜ್ಜಿಯ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಎರಡು ಸಲ ಬಂದಿರುವ ಅಕ್ಷರಗಳನ್ನು ಹುಡುಕಿ ಗುರುತು ಹಾಕಿಕೊಳ್ಳಿ. ಎರಡನೆಯದನ್ನು ಅವರು ಹೇಗೆ ಬರೆದಿದ್ದಾರೋ ಅದೇ ನಿಮಗೆ ಬೇಕಾದ ಎರಡನೆಯ ರೂಪ.